ಮೀನು ಚೆನ್ನಾಗಿದೆ, ಸಿಗಡಿ ಸಾಯುತ್ತಿದೆ: ಉಪ್ಪುನೀರಿನ ಅಕ್ವೇರಿಯಂ ಪ್ರಶ್ನೋತ್ತರ

ಪ್ರಶ್ನೆ (ತೀರ್ಥಹಳ್ಳಿ): 100 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಎರಡು ತಿಂಗಳಾಯಿತು. ಮಾಡಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು, ಅಕ್ವೇರಿಯಂ ಉಪ್ಪು ಬೆರೆಸುತ್ತೇವೆ. ಅಮೋನಿಯಾ, ನೈಟ್ರೈಟ್ ಸೊನ್ನೆ. ನೈಟ್ರೇಟ್ 10 ಪಿಪಿಎಂ. ಎರಡು ಕ್ಲೌನ್ ಮೀನು ಆರಾಮಾಗಿವೆ. ಆದರೆ ತಂದ ಸಿಗಡಿಗಳೆಲ್ಲ ಎರಡು ದಿನದೊಳಗೆ ಸತ್ತವು. ಬಸವನಹುಳುಗಳು ಗಾಜು ಹತ್ತದೆ ಮರಳಿನ ಮೇಲೇ ಬಿದ್ದಿವೆ. ಏನು ಕಾರಣ?

ಉತ್ತರ: ನಿಮ್ಮ ಅಂಕಿಗಳಲ್ಲಿ ತಪ್ಪಿಲ್ಲ. ಮೀನು ಚೆನ್ನಾಗಿದ್ದು ಸಿಗಡಿ, ಬಸವನಹುಳು ಎರಡೂ ಸೊರಗಿದರೆ ಮೊದಲು ಅನುಮಾನಿಸಬೇಕಾದ್ದು ತಾಮ್ರವನ್ನು. ಮೀನಿನ ಬಿಳಿಚುಕ್ಕೆ ರೋಗಕ್ಕೆ ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ ತಾಮ್ರವನ್ನು ಔಷಧಿಯಾಗಿಯೇ ಹಾಕುತ್ತಾರೆ. ಮೀನು ಅದನ್ನು ತಡೆದುಕೊಳ್ಳುತ್ತದೆ, ಸಿಗಡಿ ತಡೆಯುವುದಿಲ್ಲ. ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವ ಹೀಮೋಸಯನಿನ್‌ನಲ್ಲೇ ತಾಮ್ರವಿದೆ, ನಿಜ. ಆದರೆ ನೀರಿನಲ್ಲಿ ಕರಗಿದ ತಾಮ್ರ ಹೆಚ್ಚಾದರೆ ಅದರ ಕಿವಿರುಗಳೇ ಕೆಡುತ್ತವೆ.

ನಮ್ಮ ಕಡೆ ತಾಮ್ರ ಬರುವ ದೊಡ್ಡ ದಾರಿ ಕೊಳೆರೋಗದ ಔಷಧಿ. ಅಡಿಕೆಗೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ ಇರುತ್ತದೆ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಲೆಕ್ಕ ಹಾಕಿ ನೋಡಿ: ಆ ದ್ರಾವಣದ ಬರೀ 10 ಮಿಲಿಲೀಟರ್ ನಿಮ್ಮ ತೊಟ್ಟಿ ಸೇರಿದರೂ ಲೀಟರಿಗೆ 0.25 ಮಿಲಿಗ್ರಾಂ ತಾಮ್ರ ಸೇರಿದಂತೆ. ಔಷಧಿ ಕಲಸಿದ ಡ್ರಮ್ಮು ಎಷ್ಟು ತೊಳೆದರೂ ಈ ಕೆಲಸಕ್ಕೆ ಬೇಡ. ತೋಟ ಮನೆಗೆ ಹತ್ತಿರವಿದ್ದರೆ ಔಷಧಿ ಹೊಡೆಯುವ ದಿನಗಳಲ್ಲಿ ಮಾಡಿನ ನೀರನ್ನೂ ಹಿಡಿಯಬೇಡಿ. ಔಷಧಿ ಮುಟ್ಟಿದ ಕೈ ತೊಟ್ಟಿಗೆ ಹೋಗಬಾರದು. ತಾಮ್ರದ ಹಂಡೆ, ಹಿತ್ತಾಳೆ ನಲ್ಲಿ ಕೂಡ ಬೇಡ.

ಆರ್‌ಒ ನೀರು ಬಳಸಿ, ಆದರೆ ಎಚ್ಚರ: ಈಗಿನ ಹಲವು ಮನೆ ಫಿಲ್ಟರುಗಳು ಕುಡಿಯುವ ನೀರಿಗೆ ಬೇಕೆಂದೇ ತಾಮ್ರ ಸೇರಿಸುತ್ತವೆ. ಆ ಕಾರ್ಟ್ರಿಜ್‌ಗಿಂತ ಮೊದಲು, ಮೆಂಬ್ರೇನ್‌ನಿಂದ ನೇರವಾಗಿ ನೀರು ಹಿಡಿಯಿರಿ. ಅದರ ಮುಂದೆ ಉಳಿದ ಲವಣ ಹೀರುವ ಡಿಐ ರೆಸಿನ್ ಇಟ್ಟು ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆಗೆ ಬಂದರೆ ಉತ್ತಮ.

ತಾಮ್ರದ ಟೆಸ್ಟ್ ಕಿಟ್ ಸೊನ್ನೆ ತೋರಿಸಬೇಕು. ಬಣ್ಣ ಚೂರು ಬಂದರೂ ಮೂರ್ನಾಲ್ಕು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ತಾಮ್ರ ಹೀರುವ ರೆಸಿನ್ ಮತ್ತು ಇದ್ದಿಲು ಹಾಕಿ. ಕಲ್ಲು, ಮರಳು ತಾಮ್ರವನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಹಾಗಾಗಿ ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಹಳೆಯ ಟ್ಯಾಂಕ್ ಕೊಂಡಿದ್ದರೆ, ಅದರಲ್ಲಿ ಮೀನಿಗೆ ತಾಮ್ರದ ಔಷಧಿ ಹಾಕಿದ್ದರೆ, ಆ ಮರಳು ಮತ್ತು ಕಲ್ಲು ಎಸೆಯುವುದೇ ಸರಿ.

ಬಸವನಹುಳು ಚೆನ್ನಾಗಿದ್ದು ಸಿಗಡಿ, ಏಡಿ ಮಾತ್ರ ಸತ್ತಿದ್ದರೆ ಸೊಳ್ಳೆ ಬತ್ತಿ, ಸೊಳ್ಳೆ ಸ್ಪ್ರೇ ಕಡೆ ನೋಡಬೇಕಿತ್ತು. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ಊದುತ್ತದೆ. ಆ ಕೋಣೆಯಲ್ಲಿ ಸೊಳ್ಳೆಪರದೆ ಕಟ್ಟಿ.

ಪ್ರಶ್ನೆ (ಸಾಗರ): ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕ್ಲೀನರ್ ಸಿಗಡಿ ತರಿಸುತ್ತಿದ್ದೇವೆ. ಹೇಗೆ ಬಿಡಬೇಕು?

ಉತ್ತರ: ಸಿಗಡಿಗೆ ಉಪ್ಪಿನಂಶದ ದಿಢೀರ್ ಬದಲಾವಣೆ ತಡೆಯದು. ಮೀನಿನ ಅಂಗಡಿಯವರು ನೀರಿನ ಸಾಂದ್ರತೆಯನ್ನು (ಉಪ್ಪು ಹೆಚ್ಚಿದಂತೆ ಏರುವ ಅಳತೆ) 1.020ರ ಆಸುಪಾಸು ಇಟ್ಟಿರಬಹುದು; ನಿಮ್ಮದು 1.025 ಇರುತ್ತದೆ. ಹೊರಡುವ ಮುನ್ನ ಅವರ ಸಾಂದ್ರತೆಯನ್ನು ಫೋನಿನಲ್ಲಿ ಕೇಳಿ, ಒಂದು ಬಕೆಟ್ಟಿನಲ್ಲಿ ಅಷ್ಟೇ ಸಾಂದ್ರತೆಯ ನೀರು ತಯಾರಿಡಿ. ಇಷ್ಟು ಮುನ್ನೆಚ್ಚರಿಕೆ ಏಕೆಂದರೆ, ರಾತ್ರಿಯಿಡೀ ಕಟ್ಟಿದ ಕವರಿನಲ್ಲಿ ಅಮೋನಿಯಾ ಸೇರಿರುತ್ತದೆ. ಒಳಗಿನ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವ ತನಕ ಅದರ ವಿಷ ಕಡಿಮೆ. ಕವರ್ ಬಿಚ್ಚಿದೊಡನೆ ಪಿಎಚ್ ಏರಿ ಅದು ವಿಷವಾಗುತ್ತದೆ. ಬಿಚ್ಚಿದ ಕವರಿನಲ್ಲೇ ಸಿಗಡಿ ಇಟ್ಟು ತೊಟ್ಟಿಯ ನೀರನ್ನು ಗಂಟೆಗಟ್ಟಲೆ ಹನಿಹನಿಯಾಗಿ ಬಿಡುವುದು ಇದೇ ಕಾರಣಕ್ಕೆ ಕೆಟ್ಟದ್ದು.

ಕವರನ್ನು ಬಿಚ್ಚದೆ 15 ನಿಮಿಷ ತೇಲಿಸಿ ಉಷ್ಣತೆ ಸರಿಹೊಂದಿಸಿ. ಆಮೇಲೆ ಸಿಗಡಿಯನ್ನು ಬಕೆಟ್ಟಿನ ನೀರಿಗೆ ಬಿಟ್ಟು, ಏರ್ ಟ್ಯೂಬಿಗೆ ಗಂಟು ಹಾಕಿ ತೊಟ್ಟಿಯ ನೀರನ್ನು ಸೆಕೆಂಡಿಗೆ ಎರಡು ಮೂರು ಹನಿಯಂತೆ ಇಳಿಸಿ. ನೀರು ಎರಡರಷ್ಟಾದಾಗ ಅರ್ಧ ಚೆಲ್ಲಿ ಮತ್ತೆ ಮುಂದುವರಿಸಿ. ಬಕೆಟ್ಟಿನ ಸಾಂದ್ರತೆ ತೊಟ್ಟಿಯದಕ್ಕೆ ಸಮನಾದ ಮೇಲೆ, ಲೈಟ್ ಆರಿಸಿ ಬಿಡಿ. ಕವರಿನ ನೀರು ತೊಟ್ಟಿಗೆ ಬೇಡ.

ಪ್ರಶ್ನೆ (ಹೊಸನಗರ): ಬೆಳಿಗ್ಗೆ ನೋಡಿದರೆ ಸಿಗಡಿ ಟೊಳ್ಳಾಗಿ ಬಿದ್ದಿತ್ತು. ಸತ್ತಿತೇ?

ಉತ್ತರ: ಬಹುಶಃ ಪೊರೆ ಬಿಟ್ಟಿದೆ. ಟೊಳ್ಳಾಗಿ, ಪಾರದರ್ಶಕವಾಗಿದ್ದರೆ ಅದು ಚಿಪ್ಪು. ಸಿಗಡಿ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವ ತನಕ ಕೈಹಾಕಬೇಡಿ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1,250ರಿಂದ 1,350 ಪಿಪಿಎಂ ಇರಲಿ.

ಪ್ರಶ್ನೆ (ಶಿವಮೊಗ್ಗ): ಹೊನ್ನಾವರದಿಂದ ಸಮುದ್ರದ ನೀರು, ನಕ್ಷತ್ರಮೀನು ತರಬಹುದೇ?

ಉತ್ತರ: ಬೇಡ. ಶರಾವತಿ ಅಲ್ಲೇ ಕಡಲು ಸೇರುವುದರಿಂದ ಮಳೆಗಾಲದಲ್ಲಿ ದಡದ ನೀರಿನ ಉಪ್ಪು ಇಳಿದಿರುತ್ತದೆ, ಕೆಸರೂ ಹೆಚ್ಚು. ನಕ್ಷತ್ರಮೀನಿಗೆ ಹೊಸ ತೊಟ್ಟಿಯಲ್ಲಿ ತಿನ್ನಲು ಏನೂ ಇರುವುದಿಲ್ಲ. ತಿಂಗಳುಗಟ್ಟಲೆ ಹಸಿದು ಕರಗಿ ಸಾಯುತ್ತದೆ. ಅದನ್ನು ನೋಡುವುದು ಬಹಳ ಸಂಕಟ. ಹವಳ, ಸಮುದ್ರಸೌತೆಗಳನ್ನಂತೂ ಮುಟ್ಟಲೇಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಅವುಗಳಿಗಿದೆ. ಕಲ್ಲು ಬೇಕಿದ್ದರೆ ಸೆರಾಮಿಕ್‌ನದು ಹಾಕಿ. ಗಾಜಿಗೆ ಕಂದು ಪಾಚಿ ಹಿಡಿದ ಮೇಲೆ ಐದಾರು ಟ್ರೋಕಸ್ ಬಸವನಹುಳುಗಳಿಂದ ಶುರುಮಾಡಿ.