ನಾಚಿಕೆ ಸ್ವಭಾವದ ಮಗನಿಗೆ ಕ್ರಿಕೆಟ್ ಕೋಚಿಂಗ್ ಹಾಕಿದರೆ ಧೈರ್ಯ ಬರುತ್ತಾ?

ಬಾಗಲಕೋಟೆ ನವನಗರದವರು ಅಂತ ಬರೆದಿದ್ದೀರಿ. ಮಗನಿಗೆ 9 ವರ್ಷ, ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಕೋಚಿಂಗ್‌ಗೆ ಹಾಕಿದ ಮೇಲೆ ಇನ್ನೂ ಮೆತ್ತಗಾಗಿದ್ದಾನೆ, ಬಿಡಿಸೋದಾ ಮುಂದುವರಿಸೋದಾ ಅಂತ ಕೇಳಿದ್ದೀರಿ. ನಾನು ಇದೇ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮಾಸ್ತರ. ನಾನಾದರೆ ಸದ್ಯಕ್ಕೆ ಬಿಡಿಸುತ್ತಿದ್ದೆ. ಆಟವನ್ನಲ್ಲ, ಆ ಕೋಚಿಂಗನ್ನು.

ಆಡಿದರೆ ಧೈರ್ಯ ಬರುತ್ತದೆ, ನಿಜ. ಆದರೆ ಸರದಿ ಪದೇ ಪದೇ ಬರುವ ಆಟ ಇರಬೇಕು. ಕ್ರಿಕೆಟ್‌ನಲ್ಲಿ ಮೆತ್ತಗಿನ ಹುಡುಗನನ್ನು ಬ್ಯಾಟಿಂಗ್‌ಗೆ ಕೊನೆಗೆ ಕಳಿಸುತ್ತಾರೆ, ಫೀಲ್ಡಿಂಗ್‌ಗೆ ಬೌಂಡರಿ ಹತ್ತಿರ ನಿಲ್ಲಿಸುತ್ತಾರೆ. ನಮ್ಮ ಬಿಸಿಲಲ್ಲಿ ಅರ್ಧ ದಿನ ನಿಂತ ಮೇಲೆ ಒಂದು ಬಾಲ್ ಬರುತ್ತದೆ. ಅದು ಕೈ ಜಾರಿದರೆ ಮುಗೀತು, ಎಲ್ಲರ ಕಣ್ಣು ಅವನ ಮೇಲೆ.

ಖೋ ಖೋ ಆಡಿಸಿ ನೋಡಿ. ಎಂಟು ಜನ ಸಾಲಾಗಿ, ಒಬ್ಬ ಈ ಕಡೆ ಮುಖ, ಇನ್ನೊಬ್ಬ ಆ ಕಡೆ ಮುಖ ಮಾಡಿ ಕೂತಿರುತ್ತಾರೆ. ಒಬ್ಬ ಎದುರು ತಂಡದವರನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಒಂದು ದಿಕ್ಕಿಗೆ ಹೊರಟರೆ ತಿರುಗುವ ಹಾಗಿಲ್ಲ, ಕೂತವರ ನಡುವೆ ನುಗ್ಗುವ ಹಾಗೂ ಇಲ್ಲ. ಹಾಗಾಗಿ ಕೂತವನೊಬ್ಬನಿಗೆ ಖೋ ಕೊಡಲೇಬೇಕು, ಅಂದರೆ ಅಟ್ಟುವ ಸರದಿಯನ್ನು ಅವನಿಗೆ ದಾಟಿಸಬೇಕು. ಯಾರು ಎಷ್ಟೇ ಜೋರಿದ್ದರೂ ಒಬ್ಬನೇ ಆಡಿ ಮುಗಿಸೋಕೆ ಆಗೋದಿಲ್ಲ. ಕೂತವನಿಗೂ ಯಾವ ಕ್ಷಣದಲ್ಲಾದರೂ ಖೋ ಬೀಳಬಹುದು. ನಾಚಿಕೆ ಪಡೋಕೆ ಟೈಮೇ ಸಿಗೋದಿಲ್ಲ!

ಇನ್ನೊಂದು ವಿಷಯ ಇದೆ. ಬೆನ್ನು ಮುಟ್ಟಿ 'ಖೋ' ಅಂತ ಕೇಳಿಸುವ ಹಾಗೆ ಕೂಗದಿದ್ದರೆ ಫೌಲ್. ನಮ್ಮ ಶಾಲೆಯಲ್ಲಿ ಹಾಜರಿ ಕರೆದಾಗ 'ಯಸ್ ಸರ್' ಅನ್ನುವುದೂ ಕೇಳದ ಹುಡುಗಿ ಒಬ್ಬಳಿದ್ದಳು. ಆಟದಲ್ಲೂ ಮೊದಮೊದಲು ಬರೀ ಬೆನ್ನು ಮುಟ್ಟಿ ನಿಲ್ಲುತ್ತಿದ್ದಳು. ಕೂತವಳು ಏಳುತ್ತಿರಲಿಲ್ಲ, ನಾನು ಸೀಟಿ ಊದುತ್ತಿದ್ದೆ. ಉಳಿದ ಹುಡುಗಿಯರು "ಜೋರ್ ಒದರ್, ಕೇಳವಲ್ದು!" ಅಂತ ಗದ್ದಲ ಮಾಡುತ್ತಿದ್ದರು. ಸ್ವಲ್ಪ ದಿನದಲ್ಲೇ ಅವಳ ಖೋ ಆಫೀಸ್ ರೂಮಿಗೆ ಕೇಳಿಸತೊಡಗಿತು. ಅವಳೇನೂ ಜಿಲ್ಲಾ ಮಟ್ಟಕ್ಕೆ ಹೋಗಲಿಲ್ಲ. ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಓದಿದಳು, ನನಗೆ ಅಷ್ಟು ಸಾಕಾಗಿತ್ತು.

ಬೆಳಗಾವಿ ಕಡೆಯವರಾಗಿದ್ದರೆ ಜೂಡೋ ಕೂಡ ಹೇಳುತ್ತಿದ್ದೆ. ಅಲ್ಲಿ ಮೊದಲು ಕಲಿಸುವುದೇ ಪೆಟ್ಟಾಗದಂತೆ ಬೀಳುವುದನ್ನು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಕುರಾಶ್‌ನಲ್ಲಿ (ಜೂಡೋ ಹೋಲುವ ಒಂದು ಕುಸ್ತಿ) ಕಂಚು ಗೆದ್ದ ಬೆಳಗಾವಿಯ ಮಲಪ್ರಭಾ ಜಾಧವ್ ಜೂಡೋ ಕಲಿತು ಬಂದವರು.

ಈಗಲೇ ಬಿಟ್ಟರೆ ಕ್ರಿಕೆಟ್ ಕೈತಪ್ಪಿ ಹೋಗುತ್ತದೆ ಅನ್ನೋ ಭಯ ಬೇಡ. ಭಾರತ ಮಹಿಳಾ ತಂಡಕ್ಕೆ ಬೌಲಿಂಗ್ ಮಾಡಿದ ವಿಜಯಪುರದ ರಾಜೇಶ್ವರಿ ಗಾಯಕವಾಡ ಮೊದಲು ಬೇರೆ ಆಟ ಆಡಿ ಆಮೇಲೆ ಕ್ರಿಕೆಟ್‌ಗೆ ಬಂದವರು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್‌ಗೆ 5 ವಿಕೆಟ್ ತೆಗೆದರು. ನಿಮ್ಮ ಮಗ ಅಷ್ಟೆಲ್ಲ ಮಾಡಬೇಕಾಗಿಲ್ಲ ಬಿಡಿ. 9 ವರ್ಷಕ್ಕೆ ಒಂದೇ ಆಟಕ್ಕೆ ಕಟ್ಟಿಹಾಕುವ ಅವಸರ ಇಲ್ಲ ಅಂದೆ, ಅಷ್ಟೇ.

ಈಗ ನಿಮ್ಮ ಪಾಲಿನ ಕೆಲಸ. ಇದು ಸ್ವಲ್ಪ ಕಹಿ ಅನಿಸಬಹುದು. ಗ್ರೌಂಡಿನ ಪಕ್ಕ ನಿಂತು "ಓಡಲೇ, ಓಡು" ಅಂತ ಕೂಗುವ ಅಪ್ಪಂದಿರನ್ನು ದಿನಾ ನೋಡುತ್ತೇನೆ. ಆ ಹುಡುಗರು ಆಟ ನೋಡುವುದೇ ಇಲ್ಲ, ಅಪ್ಪನ ಮುಖ ನೋಡುತ್ತಾರೆ. ಮೊದಲ ಕೆಲವು ವಾರ ಗೇಟಿನ ಹೊರಗೇ ಇರಿ. ಸೋತು ಬಂದ ದಿನ ಬೈಕ್ ಮೇಲೆ "ಯಾಕ ಹಂಗ ಮಾಡಿದಿ?" ಅಂತ ಶುರು ಮಾಡಬೇಡಿ. ಹಿಂದೆ ಕೂತ ಹುಡುಗ ಎಲ್ಲಿಗೆ ಓಡಬೇಕು ಹೇಳಿ? ಹಸಿವಾಗಿದೆಯಾ ಅಂತ ಕೇಳಿ. ಗಿರ್ಮಿಟ್, ಮಿರ್ಚಿ ಕೊಡಿಸಿ. ಮಾತು ಬೇಕಾದರೆ ರಾತ್ರಿ ಊಟಕ್ಕೆ ಕೂತಾಗ ಅವನೇ ತೆಗೆಯುತ್ತಾನೆ.

ಹೊಗಳುವುದಾದರೆ ನೋಡಿದ್ದನ್ನು ಹೇಳಿ. ಸುಮ್ನೆ "ಭಾಳ ಚಲೋ ಆಡಿದಿ" ಅಂದರೆ ಮಕ್ಕಳು ನಂಬೋದಿಲ್ಲ. "ಬಿದ್ದ ಮೇಲೆ ಎದ್ದು ಮತ್ತೆ ಕಂಬ ಸುತ್ತಿ ಬಂದಿಯಲ್ಲ, ಅದು ಸೇರಿತು" ಅಂದರೆ ನಂಬುತ್ತಾರೆ. ಪಕ್ಕದ ಮನೆ ಹುಡುಗನ ಮೆಡಲ್ ವಿಷಯ ತೆಗೆಯಲೇಬೇಡಿ.

ಪ್ರಾಕ್ಟೀಸ್ ಇರುವ ದಿನವೇ ಹೊಟ್ಟೆನೋವು ಅನ್ನುತ್ತಿದ್ದರೆ ಅದನ್ನು ನೆಪ ಅಂತ ತಳ್ಳಿಹಾಕಬೇಡಿ. ಯಾರಾದರೂ ಹೀಯಾಳಿಸುತ್ತಿದ್ದಾರಾ, ಹೊಡೆಯುತ್ತಿದ್ದಾರಾ ಅಂತ ವಿಚಾರಿಸಿ. ಅಂಥದ್ದೇನೂ ಇಲ್ಲ, ಬರೀ ಬೇಸರ ಅಂದರೆ ಈ ತಿಂಗಳು ಮುಗಿಸಿ ಆಮೇಲೆ ನೀನೇ ಹೇಳು ಅನ್ನಿ. ಹೇಳಿದ ಮೇಲೆ ಅವನ ಮಾತಿಗೆ ಬೆಲೆ ಕೊಡಬೇಕು, ಅಲ್ವಾ?

ಹೊಸ ಆಟಕ್ಕೆ ದುಡ್ಡು ಸುರಿಯುವುದು ಬೇಡ. ಅವನ ಶಾಲೆಯ ಪಿ.ಟಿ. ಮಾಸ್ತರನ್ನೇ ಕೇಳಿ. ಬೇಸಿಗೆಯಲ್ಲಿ ಬೆಳಗ್ಗೆ ಬಿಸಿಲೇರುವ ಮೊದಲೇ ಮುಗಿಯುವ ಹಾಗೆ ನೋಡಿಕೊಳ್ಳಿ. ಮೊಣಕಾಲು ತರಚುತ್ತದೆ, ಮನೆಯಲ್ಲಿ ಮುಲಾಮು ಇರಲಿ. ಕೊಡಿಸಿದ ಬ್ಯಾಟನ್ನು ಎತ್ತಿಡಬೇಡಿ, ಸಂಜೆ ಓಣಿಯಲ್ಲಿ ಗೆಳೆಯರ ಜೊತೆ ಆಡಿಕೊಳ್ಳಲಿ.