ಸ್ವರಕ್ಷಣೆಯ ಪಿಸ್ತೂಲಿಗೆ ಲೈಟ್ ಬೇಕೇ? ಮೊದಲು ಕೈಟಾರ್ಚ್ ಕೊಳ್ಳಿ

ಪರವಾನಗಿ ಪಡೆದು ಪಿಸ್ತೂಲನ್ನು ದಿನವೂ ಸೊಂಟದಲ್ಲಿಟ್ಟುಕೊಂಡು ಓಡಾಡುತ್ತೇನೆ, ಅದಕ್ಕೊಂದು ಲೈಟ್ ಅಳವಡಿಸಲೇಬೇಕೇ, ಅಥವಾ ಅದು ಬರೀ ಹೊರೆಯೇ ಎಂದು ಕೇಳಿದ್ದೀರಿ. ನನ್ನ ಉತ್ತರ ಇಷ್ಟು: ಮೊದಲು ಅಂಗೈಯಲ್ಲಿ ಹಿಡಿಯುವ ಒಂದು ಒಳ್ಳೆಯ ಟಾರ್ಚ್ ಕೊಂಡು ಅದನ್ನು ದಿನವೂ ಜೇಬಿನಲ್ಲಿ ಇಟ್ಟುಕೊಳ್ಳಿ. ಮನೆಯಲ್ಲಿ ಹಾಸಿಗೆಯ ಹತ್ತಿರ ಇಡುವ ಪಿಸ್ತೂಲಿಗೆ ಲೈಟ್ ಹಾಕಿಸಿ, ಅದರಲ್ಲಿ ನನಗೆ ಸಂಶಯವಿಲ್ಲ. ಸೊಂಟದ ಪಿಸ್ತೂಲಿಗೆ ಮಾತ್ರ ಕೆಲವು ಷರತ್ತುಗಳಿವೆ. ಅವು ಪೂರೈಸದಿದ್ದರೆ ಲೈಟ್ ಇಲ್ಲದಿರುವುದೇ ಮೇಲು.

ಕತ್ತಲಲ್ಲಿ ಬೆಳಕು ಬೇಕಾಗುವುದು ಗುರಿ ಹಿಡಿಯುವುದಕ್ಕಿಂತ ಮೊದಲು, ಎದುರಿಗಿರುವವರು ಯಾರು, ಅವರ ಕೈಯಲ್ಲಿ ಏನಿದೆ ಎಂದು ತಿಳಿಯುವುದಕ್ಕೆ. ಅಮೆರಿಕದ ಪಿಸ್ತೂಲು ತರಬೇತುದಾರ ಜೆಫ್ ಕೂಪರ್ ಹೇಳಿಕೊಟ್ಟ ನಾಲ್ಕು ಸುರಕ್ಷತಾ ನಿಯಮಗಳಲ್ಲಿ ಕೊನೆಯದು ಇದೇ: ಗುರಿ ಏನೆಂಬುದು ಖಚಿತವಾಗಿರಬೇಕು, ಅದರ ಹಿಂದೆ ಏನಿದೆ ಎಂಬುದೂ ಗೊತ್ತಿರಬೇಕು. ಮಂದ ಬೆಳಕಿನ ಅಭ್ಯಾಸ ಶಿಬಿರಗಳಲ್ಲಿ ಕಲಿಸುವವರ ಜೊತೆ ನಾನು ನಿಂತಿದ್ದೇನೆ. ಅಲ್ಲಿ ಮನುಷ್ಯನ ಚಿತ್ರವಿರುವ ಕಾಗದದ ಗುರಿಗಳನ್ನು ನಿಲ್ಲಿಸುತ್ತಾರೆ. ಮುಖ ಅದೇ, ನಿಂತ ಭಂಗಿ ಅದೇ. ಆದರೆ ಒಂದರ ಕೈಯಲ್ಲಿ ಪಿಸ್ತೂಲು, ಇನ್ನೊಂದರ ಕೈಯಲ್ಲಿ ಮೊಬೈಲ್, ಮತ್ತೊಂದರ ಕೈಯಲ್ಲಿ ಪರ್ಸ್. ಹಗಲಲ್ಲಿ ಮಗುವೂ ಬೇರ್ಪಡಿಸಿ ಹೇಳಬಲ್ಲದು. ದೀಪಗಳನ್ನು ಇಳಿಸಿದರೆ ಅನುಭವಿಗಳೇ ಮೊಬೈಲ್ ಹಿಡಿದವನಿಗೆ ಗುಂಡು ಹೊಡೆಯುತ್ತಾರೆ. ಆಮೇಲೆ ಆ ಕಾಗದವನ್ನು ಬೆಳಕಿಗೆ ತಂದು, ತೂತಿನ ಪಕ್ಕದಲ್ಲಿರುವ ಮೊಬೈಲನ್ನು ನೋಡುತ್ತಾ ಅವರು ಮಾತಿಲ್ಲದೆ ನಿಂತಿರುತ್ತಾರೆ. ಆದ್ದರಿಂದ ಬೆಳಕು ಬೇಕೇ ಎಂಬ ಬಗ್ಗೆ ಚರ್ಚೆಯೇ ಇಲ್ಲ. ಆ ಬೆಳಕು ಎಲ್ಲಿರಬೇಕು ಎಂಬುದಷ್ಟೇ ಪ್ರಶ್ನೆ.

ಪಿಸ್ತೂಲಿಗೆ ಕಚ್ಚಿಕೊಂಡ ಲೈಟಿನ ದೊಡ್ಡ ತೊಂದರೆ ಎಂದರೆ, ಬೆಳಕು ಹೋದ ಕಡೆಗೆಲ್ಲ ನಳಿಗೆಯೂ ಹೋಗುತ್ತದೆ. ವಾಹನ ನಿಲ್ಲಿಸುವ ಜಾಗದಲ್ಲಿ ಕಂಬದ ಹಿಂದೆ ಯಾರೋ ಅಲುಗಾಡಿದಂತಾಯಿತು ಎನ್ನಿ. ಅವರು ಕಾವಲುಗಾರನಿರಬಹುದು, ಕಳೆದುಹೋದ ಕೀಲಿಕೈ ಹುಡುಕುವವರಿರಬಹುದು. ಯಾರೆಂದು ನೋಡಲು ಪಿಸ್ತೂಲು ಹೊರತೆಗೆದರೆ, ಏನೂ ತಪ್ಪು ಮಾಡದವರ ಕಡೆಗೆ ಗುಂಡು ತುಂಬಿದ ಆಯುಧ ತಿರುಗಿಸಿದಂತಾಯಿತು. ಅದು ಬಹುತೇಕ ಕಡೆ ಅಪರಾಧ. ಅಪರಾಧ ಅಲ್ಲದ ಕಡೆಯೂ ಮಾಡಬಾರದ ಕೆಲಸ. ಕೈಟಾರ್ಚ್ ಇದ್ದರೆ ಬೆಳಕು ಹಾಯಿಸಿ ನೋಡುತ್ತೀರಿ, ಅವರೂ ನಿಮ್ಮನ್ನು ನೋಡುತ್ತಾರೆ, ಇಬ್ಬರೂ ತಮ್ಮ ದಾರಿ ಹಿಡಿಯುತ್ತೀರಿ. ಪಿಸ್ತೂಲಿನ ಲೈಟ್ ಉಪಯೋಗಕ್ಕೆ ಬರುವುದು ಪಿಸ್ತೂಲು ತೆಗೆಯಲು ನಿಜವಾದ ಕಾರಣ ಒದಗಿದ ಮೇಲೆ ಮಾತ್ರ. ದೇವರ ದಯೆಯಿಂದ ಬಹಳಷ್ಟು ಜನರ ಬದುಕಿನಲ್ಲಿ ಆ ಗಳಿಗೆ ಬರುವುದೇ ಇಲ್ಲ. ಕರೆಂಟು ಹೋದಾಗ, ಕತ್ತಲು ಕವಿದ ಮೆಟ್ಟಿಲ ಮೇಲೆ, ರಸ್ತೆಯಲ್ಲಿ ಚಕ್ರ ಬದಲಿಸುವಾಗ ಬೇಕಾಗುವುದು ಕೈಟಾರ್ಚೇ.

ಪಿಸ್ತೂಲಿಗೆ ಲೈಟ್ ಹಾಕಿದವರಿಗೂ ಸಾಕಷ್ಟು ಸಲ ಗೊತ್ತಿರದ ಒಂದು ವಿಷಯವಿದೆ. ಅದನ್ನು ಹೇಳಿಕೊಡದ ತರಬೇತಿಗೆ ಹೋಗಬೇಡಿ. ಮುಚ್ಚಿದ ಕೋಣೆಯಲ್ಲಿ 500 ಲ್ಯೂಮೆನ್‌ನಂಥ ಪ್ರಖರ ಬೆಳಕನ್ನು ಎದುರಿಗಿರುವವರ ಎದೆಗೆ ಹಿಡಿಯಬೇಕಿಲ್ಲ. ನಳಿಗೆಯನ್ನು ಅವರ ಪಾದದ ಮುಂದಿನ ನೆಲದತ್ತ ಇಳಿಸಿ ಸ್ವಿಚ್ ಒತ್ತಿ. ನೆಲಕ್ಕೆ ಬಡಿದು ಚದುರುವ ಬೆಳಕಿನಲ್ಲೇ ಮುಖ, ಕೈ, ಸೊಂಟ ಎಲ್ಲವೂ ಕಾಣುತ್ತವೆ. ಇದನ್ನು ನಿಮ್ಮ ಮನೆಯಲ್ಲೇ, ಪಿಸ್ತೂಲಿಗೆ ಹಾಕದ ಬರೀ ಲೈಟನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಬಹುದು. ಹಾಗೆಯೇ ಅದನ್ನು ಹತ್ತಿರದ ಬಿಳಿ ಗೋಡೆಗೆ ನೇರವಾಗಿ ಹಿಡಿದು ನೋಡಿ. ಬೆಳಕು ಮರಳಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಕತ್ತಲಿಗೆ ಹೊಂದಿಕೊಂಡಿದ್ದ ಕಣ್ಣು ಪೂರ್ತಿ ಮೊದಲಿನಂತಾಗಲು 20ರಿಂದ 30 ನಿಮಿಷ ಬೇಕು.

ಹಾಗಾದರೆ ಲೈಟ್ ಹಾಕಿಸುವವರು ತಿಳಿಗೇಡಿಗಳೇ? ಖಂಡಿತ ಅಲ್ಲ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಪಿಸ್ತೂಲು ಹಿಡಿದು ಗುರಿ ಇಡುವುದು ಕಷ್ಟದ ವಿದ್ಯೆ. ಹ್ಯಾರಿಸ್ ವಿಧಾನದಲ್ಲಿ ಟಾರ್ಚ್ ಹಿಡಿದ ಕೈಯನ್ನು ಪಿಸ್ತೂಲಿನ ಕೈಯ ಕೆಳಗಿನಿಂದ ತೂರಿಸಿ, ಎರಡೂ ಅಂಗೈಗಳ ಹಿಂಬದಿಯನ್ನು ಒಂದಕ್ಕೊಂದು ಒತ್ತಬೇಕು. ಸ್ವಲ್ಪ ಹೊತ್ತಿನಲ್ಲೇ ತೋಳು ಸೋಲುತ್ತದೆ, ಬೆಳಕು ಗುರಿಯಿಂದ ಜಾರುತ್ತದೆ. ಟಾರ್ಚನ್ನು ಕೆನ್ನೆಯ ಪಕ್ಕ ಹಿಡಿಯುವ ವಿಧಾನ ಸುಲಭ, ಆದರೆ ಗುಂಡು ಹಾರಿಸುವುದು ಒಂದೇ ಕೈಯಿಂದ. ಅದಕ್ಕಿಂತ ಮುಖ್ಯವಾಗಿ, ಮಗುವನ್ನು ಎತ್ತಿಕೊಂಡಿದ್ದರೆ, ಬಾಗಿಲು ತೆರೆಯಬೇಕಿದ್ದರೆ, ಫೋನಿನಲ್ಲಿ ಪೊಲೀಸರೊಂದಿಗೆ ಮಾತನಾಡುತ್ತಿದ್ದರೆ ಟಾರ್ಚಿಗೆ ಕೈ ಎಲ್ಲಿ ಉಳಿಯಿತು? ಆಗ ಪಿಸ್ತೂಲಿನ ಲೈಟಿಗೆ ಸಾಟಿಯಿಲ್ಲ. ಮನೆಯ ಪಿಸ್ತೂಲಿಗೆ ಅದು ಇರಲೇಬೇಕು ಎನ್ನುವುದು ಇದೇ ಕಾರಣಕ್ಕೆ. ನಡುರಾತ್ರಿ ಸದ್ದಾದರೆ ಅದು ನೀರು ಕುಡಿಯಲು ಎದ್ದ ನಿಮ್ಮವರೇ ಆಗಿರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಅಲ್ಲೂ ಪಕ್ಕದಲ್ಲೊಂದು ಕೈಟಾರ್ಚ್ ಇರಲಿ. ಮನೆಯೊಳಗೆ ಹುಡುಕಾಟಕ್ಕೆ ಅದು, ಅದಕ್ಕೂ ಮೊದಲು ಗೋಡೆಯ ಸ್ವಿಚ್.

ಇನ್ನು ಸೊಂಟದ ಪಿಸ್ತೂಲಿನ ಷರತ್ತುಗಳು. ಮೊದಲನೆಯದು ಹೋಲ್‌ಸ್ಟರ್, ಅಂದರೆ ಪಿಸ್ತೂಲನ್ನು ಸೊಂಟದಲ್ಲಿ ಹಿಡಿದಿಡುವ ಒರೆ. ಲೈಟ್ ಇಲ್ಲದ ಪಿಸ್ತೂಲಿನ ಹೋಲ್‌ಸ್ಟರ್ ಟ್ರಿಗರ್ ಗಾರ್ಡಿನ (ಟ್ರಿಗರನ್ನು ಸುತ್ತುವರಿದ ಬಳೆಯ) ಸುತ್ತ ಬಿಗಿಯಾಗಿ ಕಚ್ಚುತ್ತದೆ. ಲೈಟ್ ಹಾಕಿದರೆ ಲೈಟಿನ ದಪ್ಪ ತೂರುವಷ್ಟು ಅದರ ಬಾಯಿ ಅಗಲವಾಗಬೇಕು, ಹಿಡಿತವೂ ಲೈಟಿನ ಮೇಲೆ ಬೀಳುತ್ತದೆ. ಹೀಗಾಗಿ ಟ್ರಿಗರ್ ಹತ್ತಿರ ಎರಡೂ ಬದಿ ಸಂದಿ ಉಳಿಯುತ್ತದೆ. ಗುಂಡು ಪೂರ್ತಿ ಖಾಲಿಯಾಗಿದೆ ಎಂದು ಎರಡೆರಡು ಸಲ ನೋಡಿಕೊಂಡು ಪಿಸ್ತೂಲನ್ನು ಹೋಲ್‌ಸ್ಟರಿಗೆ ಇಳಿಸಿ, ಮೇಲಿನಿಂದ ಬೆಳಕು ಬಿಟ್ಟು ಆ ಸಂದಿಯೊಳಗೆ ನೋಡಿ. ಟ್ರಿಗರ್ ಕಾಣಿಸಿದರೆ, ಕಿರುಬೆರಳು ಅದನ್ನು ಮುಟ್ಟಿದರೆ, ಆ ಹೋಲ್‌ಸ್ಟರನ್ನು ಒಯ್ಯಲು ಬಳಸಬೇಡಿ. ಅಂಗಿಯ ಅಂಚು, ಜಾಕೆಟ್ಟಿನ ದಾರ ಅದೇ ದಾರಿಯಲ್ಲಿ ಒಳಹೋಗಬಹುದು. ನಿಮ್ಮ ಪಿಸ್ತೂಲು ಮತ್ತು ಲೈಟ್ ಎರಡಕ್ಕೂ ಒಟ್ಟಾಗಿ ಅಚ್ಚು ಹಾಕಿದ್ದನ್ನೇ ಕೊಳ್ಳಬೇಕು. ಶೂರ್‌ಫೈರ್ ಎಕ್ಸ್300, ಸ್ಟ್ರೀಮ್‌ಲೈಟ್ ಟಿಎಲ್‌ಆರ್-7ರಂತಹ ಹೆಚ್ಚು ಬಳಕೆಯ ಲೈಟುಗಳಿಗೆ ಅಂಥವು ಸಿಗುತ್ತವೆ. ಅಪರೂಪದ ಲೈಟ್ ಕೊಂಡರೆ ಹೋಲ್‌ಸ್ಟರಿಗಾಗಿ ಅಲೆಯಬೇಕಾಗುತ್ತದೆ.

ಎರಡನೆಯದು ಬೆರಳು. ಅಮೆರಿಕದಲ್ಲಿ ಲೈಟ್ ಹಚ್ಚಲು ಹೋಗಿ ಟ್ರಿಗರ್ ಎಳೆದ ಪೊಲೀಸರ ಪ್ರಕರಣಗಳು ಪತ್ರಿಕೆಗಳಲ್ಲಿ ಬಂದಿವೆ. ಕೆಲವು ಲೈಟುಗಳಿಗೆ ಟ್ರಿಗರ್ ಗಾರ್ಡಿನ ಕೆಳಗೆ, ಹಿಡಿಯ ಮೇಲೆ ಒತ್ತುವ ಸ್ವಿಚ್ ಇರುತ್ತದೆ. ಗಾಬರಿಯಲ್ಲಿ ಒಂದು ಬೆರಳು ಮುದುಡಿದರೆ ಪಕ್ಕದ ಬೆರಳೂ ಮುದುಡುತ್ತದೆ. ಆದ್ದರಿಂದ ಸ್ವಿಚ್ ಒತ್ತುವ ಕೆಲಸ ಆಧಾರ ಕೊಡುವ ಕೈಯ ಹೆಬ್ಬೆರಳಿನದ್ದು. ಟ್ರಿಗರ್ ಬೆರಳಿಗೆ ಅದನ್ನು ಎಂದೂ ಕಲಿಸಬೇಡಿ. ಒಂಟಿ ಕೈಯಲ್ಲಿ ಹಿಡಿದಾಗ ಹೇಗೆ ಹಚ್ಚುತ್ತೀರಿ ಎಂಬುದನ್ನು ತರಬೇತುದಾರರ ಎದುರು, ಖಾಲಿ ಪಿಸ್ತೂಲಿನಲ್ಲಿ, ಕೈಗೆ ತಾನಾಗಿ ಒಗ್ಗುವವರೆಗೆ ಅಭ್ಯಾಸ ಮಾಡಿ.

ಮೂರನೆಯದು ನಂಬಿಕೆ. ಮೂರನೆಯ ಪೀಳಿಗೆಯ ಗ್ಲಾಕ್ 22 ಪಿಸ್ತೂಲಿಗೆ ಲೈಟ್ ಹಾಕಿದ ಮೇಲೆ ಗುಂಡು ಸರಿಯಾಗಿ ಏರದೆ ಸಿಕ್ಕಿಕೊಳ್ಳುತ್ತಿದೆ ಎಂಬ ದೂರು ಪೊಲೀಸರಿಂದಲೇ ಬಂದಿತ್ತು. ಮ್ಯಾಗಜೀನಿಗೆ, ಅಂದರೆ ಗುಂಡು ತುಂಬುವ ಪೆಟ್ಟಿಗೆಗೆ, ಬಿಗಿಯಾದ ಸ್ಪ್ರಿಂಗ್ ಹಾಕಿ ಅದನ್ನು ಸರಿಪಡಿಸಲು ನೋಡಿದರು. ಲೈಟ್ ಇಲ್ಲದೆ ಚೆನ್ನಾಗಿ ನಡೆದ ಪಿಸ್ತೂಲು ಲೈಟ್ ಹಾಕಿದ ಮೇಲೂ ಹಾಗೆಯೇ ನಡೆಯುತ್ತದೆ ಎಂದುಕೊಳ್ಳದೆ, ಸೊಂಟಕ್ಕೆ ಏರಿಸುವ ಮೊದಲು ನೀವು ಒಯ್ಯುವ ಗುಂಡನ್ನೇ ಹಾರಿಸಿ ನೋಡಿ.

ಅಂಕಿಗಳ ಹಿಂದೆ ಹೆಚ್ಚು ಓಡಬೇಡಿ. ಲ್ಯೂಮೆನ್ ಒಟ್ಟು ಬೆಳಕಿನ ಲೆಕ್ಕ, ಕ್ಯಾಂಡೆಲಾ ಅದು ಒಂದೇ ಕಡೆಗೆ ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದರ ಲೆಕ್ಕ. 10,000 ಕ್ಯಾಂಡೆಲಾದ ಲೈಟ್ 10 ಮೀಟರ್ ದೂರದಲ್ಲಿ 100 ಲಕ್ಸ್ (ಬೆಳಕು ಬಿದ್ದ ಜಾಗ ಎಷ್ಟು ಬೆಳಗುತ್ತದೆ ಎಂಬುದರ ಅಳತೆ) ಬೆಳಕು ಕೊಡುತ್ತದೆ, ಸ್ವರಕ್ಷಣೆಯ ದೂರಗಳಿಗೆ ಅದು ಧಾರಾಳ. ತೂಕದ ಕಡೆ ಗಮನ ಕೊಡಿ: ಚಿಕ್ಕವು 70 ಗ್ರಾಂ ಆಸುಪಾಸು, ದೊಡ್ಡವು 100 ಗ್ರಾಂ ದಾಟುತ್ತವೆ. ಭಾರವೆಂದು ಪಿಸ್ತೂಲನ್ನೇ ಮನೆಯಲ್ಲಿ ಬಿಟ್ಟು ಹೋಗುವಂತಾದರೆ ಆ ಲೈಟಿನಿಂದ ಏನು ಬಂತು? ಇಂಥ ಲೈಟುಗಳಲ್ಲಿ ಬಳಸುವ ಸಿಆರ್123ಎ ಲಿಥಿಯಂ ಬ್ಯಾಟರಿ ಹಲವು ವರ್ಷ ಕೆಡದೆ ಕೂರುತ್ತದೆ, ಆದರೂ ನಿಗದಿತ ಸಮಯಕ್ಕೆ ಬದಲಿಸಿ. ಅಭ್ಯಾಸ ಮುಗಿದ ಮೇಲೆ ಲೆನ್ಸ್ ನೋಡಿ. ನಳಿಗೆಯ ಬಾಯಿಯಿಂದ ಹಾರಿದ ಮಸಿ ಅದರ ಮೇಲೆ ಕಂದುಬೂದು ಪೊರೆಯಾಗಿ ಕೂತಿರುತ್ತದೆ. ಪಿಸ್ತೂಲು ಖಾಲಿ ಮಾಡಿ, ಲೈಟನ್ನು ಬಿಚ್ಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಹೋಗುತ್ತದೆ. ಲೈಟನ್ನು ಬಿಚ್ಚದೆ ಕೈಯನ್ನು ನಳಿಗೆಯ ಮುಂದೆ ತರಬೇಡಿ.

ನಿಮ್ಮ ಪಿಸ್ತೂಲಿನ ಕೆಳಗೆ ಲೈಟ್ ಕಚ್ಚಿಸುವ ರೈಲ್ ಇದೆಯೇ, ನೀವು ಅದನ್ನು ಸೊಂಟದ ಮುಂಭಾಗದಲ್ಲಿ ಒಯ್ಯುತ್ತೀರೋ ಪಕ್ಕದಲ್ಲೋ ಎಂಬುದನ್ನು ಪ್ರಶ್ನೆಯಲ್ಲಿ ಬರೆದಿಲ್ಲ. ಅದನ್ನು ತಿಳಿಸಿದರೆ ಯಾವ ಅಳತೆಯ ಲೈಟ್ ಹೊಂದುತ್ತದೆ, ಹೋಲ್‌ಸ್ಟರಿನಲ್ಲಿ ಇನ್ನೇನು ನೋಡಬೇಕು ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಅಲ್ಲಿಯವರೆಗೆ ಕೈಟಾರ್ಚ್ ಕೊಂಡು, ಪಿಸ್ತೂಲಿನ ಕೈಗೆ ಅಡ್ಡಿಯಾಗದ ಎಡಜೇಬಿನಲ್ಲಿ ಇಟ್ಟುಕೊಳ್ಳಿ. ಎಡಗೈಯವರಾದರೆ ಬಲಜೇಬಿನಲ್ಲಿ.