ಬಾಗಿಲ ಬಳಿ ಇಟ್ಟ ಹಣ್ಣಿನ ತಟ್ಟೆ

ಪ್ರಿಯ ಲೇಖಕಿಯವರಿಗೆ,

ನಮಸ್ಕಾರ. ‘ತಾಯಿಪ್ರೀತಿ: ಕೊರಿಯಾ ಮತ್ತು ಅಮೆರಿಕ’ ಎಂಬ ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ಮೂರನೇ ಪುಟದ ಒಂದು ಪ್ಯಾರಾ ನನ್ನನ್ನು ಬಿಡುತ್ತಿಲ್ಲ. ಅದಕ್ಕಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿ ನಿಮ್ಮದು ನಡುವಿನ ಮನೆ. ಎಡಕ್ಕೆ ಕೊರಿಯನ್ ತಾಯಿ, ಬಲಕ್ಕೆ ಅಮೆರಿಕನ್ ತಾಯಿ. ಬರೆಯುವವರಿಗೆ ಇಂಥ ಜಾಗ ಬೇಕೆಂದರೂ ಸಿಗುವುದಿಲ್ಲ. ಆದರೆ ನೀವು ಕಣ್ಣಾರೆ ಕಂಡದ್ದನ್ನು ಹಿಂದಕ್ಕೆ ತಳ್ಳಿ, ಮೊದಲ ಎರಡು ಪುಟ ಬರೀ ತೀರ್ಪು ಬರೆದಿದ್ದೀರಿ. ಕೊರಿಯನ್ ತಾಯಿ ತ್ಯಾಗಮಯಿ, ಆದರೆ ಮಕ್ಕಳನ್ನು ಓದುವ ಯಂತ್ರ ಮಾಡುತ್ತಾಳೆ. ಅಮೆರಿಕನ್ ತಾಯಿ ಸ್ವಾತಂತ್ರ್ಯ ಕೊಡುತ್ತಾಳೆ, ಆದರೆ ಹದಿನೆಂಟು ತುಂಬುತ್ತಲೇ ಮನೆಯಿಂದ ಕಳಿಸಿಬಿಡುತ್ತಾಳೆ. ಈ ಕೊನೆಯ ಮಾತಂತೂ ತಪ್ಪು. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 2020ರ ಜುಲೈನಲ್ಲಿ 18ರಿಂದ 29 ವಯಸ್ಸಿನ ಅಮೆರಿಕನ್ನರಲ್ಲಿ ಶೇ 52ರಷ್ಟು ಜನ ಹೆತ್ತವರ ಜೊತೆಗಿದ್ದರು. ಅದು ಕೊರೊನಾ ಕಾಲ, ನಿಜ. ಅದಕ್ಕೂ ಮುಂಚೆ, ಅದೇ ವರ್ಷದ ಫೆಬ್ರವರಿಯಲ್ಲಿ ಶೇ 47 ಇತ್ತು. ಎಲ್ಲರೂ ಹೇಳುತ್ತಾರೆಂದು ನೀವೂ ಹೇಳಬೇಡಿ.

ಇನ್ನು ಆ ಪ್ಯಾರಾ. ಎಡಗಡೆ ಮನೆಯಲ್ಲಿ ತಾಯಿ ಮಗಳಿಗೆ ಜೋರು ಜಗಳ. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ನೀವು ಅಡುಗೆಮನೆಯಲ್ಲಿ ಏನು ಮಾಡುವುದೆಂದು ತಿಳಿಯದೆ ನಿಂತಿದ್ದಿರಿ. ತಾಯಿ ಒಂದು ದೊಡ್ಡ ಪೇರ್ ಹಣ್ಣು ತೆಗೆದು, ಸಿಪ್ಪೆ ಎಲ್ಲೂ ತುಂಡಾಗದ ಹಾಗೆ ಸುತ್ತಲೂ ಹೆರೆದು, ಎಂಟು ಹೋಳು ಮಾಡಿ, ಪುಟ್ಟ ಫೋರ್ಕ್ ಚುಚ್ಚಿ, ಬಾಗಿಲ ಬಳಿ ತಟ್ಟೆ ಇಟ್ಟು, ಒಂದು ಸಲ ತಟ್ಟಿ ಬಂದಳು. ಬಾಯಲ್ಲಿ ಒಂದು ಮಾತಿಲ್ಲ. ಆಮೇಲೆ ಸಿಂಕಿನ ಮುಂದೆ ನಿಂತು ನಡುವಿನ ದಿಂಡನ್ನು ತಾನು ಕಚ್ಚಿ ತಿಂದಳು.

ಎಂಥ ಚಿತ್ರ ಇದು! ಆದರೆ ಮರುಸಾಲಿನಲ್ಲೇ ‘ಹೀಗೆ ಪೂರ್ವದ ತಾಯಂದಿರು ಪ್ರೀತಿಯನ್ನು ಮೌನದಲ್ಲಿ ವ್ಯಕ್ತಪಡಿಸುತ್ತಾರೆ’ ಎಂದು ಬರೆದು ಅದನ್ನು ಕೆಡಿಸಿದ್ದೀರಿ. ಓದುಗರಿಗೆ ಆಗಲೇ ಗೊತ್ತಾಗಿದೆ. ಆ ಸಾಲು ಹೊಡೆದುಹಾಕಿ.

ಬಲಗಡೆ ಮನೆಗೆ ನೀವು ಅನ್ಯಾಯ ಮಾಡಿದ್ದೀರಿ. ‘ಮಗು ಅತ್ತರೂ ಎತ್ತಿಕೊಳ್ಳುವುದಿಲ್ಲ’ ಎಂದು ಒಂದು ಸಾಲು. ಅದರ ಕೆಳಗೇ, ಒಂದು ರಾತ್ರಿ ಆಕೆ ಮೆಟ್ಟಿಲ ಮೇಲೆ ಕೂತು, ಗಡಿಯಾರ ನೋಡುತ್ತಾ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು ಎಂಬ ಸಾಲು. ಎರಡನೆಯದು ಮೊದಲನೆಯದನ್ನು ಸುಳ್ಳು ಮಾಡುತ್ತಿದೆ. ಮಗು ಅಳುವಾಗ ಇಂತಿಷ್ಟು ನಿಮಿಷ ಕಾದು ಒಳಗೆ ಹೋಗುವುದು, ಆ ನಿಮಿಷಗಳನ್ನು ಮೆಲ್ಲಮೆಲ್ಲಗೆ ಹೆಚ್ಚಿಸುವುದು, ಇದು ರಿಚರ್ಡ್ ಫರ್ಬರ್ ಎಂಬ ಮಕ್ಕಳ ವೈದ್ಯರು 1985ರಲ್ಲಿ ಜನಪ್ರಿಯಗೊಳಿಸಿದ ಕ್ರಮ. ಆಕೆ ಗಡಿಯಾರ ಹಿಡಿದು ಕೂತದ್ದು ಅದಕ್ಕೇ. ಅವಳಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಿತ್ತಲ್ಲವೇ? ಅಮೆರಿಕದ 1993ರ ಕೇಂದ್ರ ಕಾನೂನು ಕೊಡುವುದು 12 ವಾರದ ರಜೆ, ಅದೂ ಸಂಬಳವಿಲ್ಲದ್ದು, ಅದೂ ಎಲ್ಲರಿಗಿಲ್ಲ. ಇದನ್ನು ಹೇಳದೆ ಪ್ರೀತಿ ತಣ್ಣಗಿದೆ ಎಂದು ಬರೆಯುವುದು ಸರಿಯಲ್ಲ. ಅಲ್ಲಿಯ ರೀತಿಯೂ ಕಾಲದಿಂದ ಕಾಲಕ್ಕೆ ಬದಲಾಗಿದೆ. 1928ರಲ್ಲಿ ಜಾನ್ ವಾಟ್ಸನ್ ಎಂಬ ಮನಶ್ಶಾಸ್ತ್ರಜ್ಞ, ಮಕ್ಕಳನ್ನು ಅಪ್ಪಿ ಮುದ್ದಾಡಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ತಾಯಂದಿರಿಗೆ ಬುದ್ಧಿ ಹೇಳಿದ್ದ. 1946ರಲ್ಲಿ ಮಕ್ಕಳ ವೈದ್ಯ ಡಾ. ಬೆಂಜಮಿನ್ ಸ್ಪಾಕ್ ತಮ್ಮ ಪುಸ್ತಕದಲ್ಲಿ, ನಿಮ್ಮ ಮೇಲೆ ನಿಮಗೆ ನಂಬಿಕೆ ಇರಲಿ ಎಂದು ಅದೇ ತಾಯಂದಿರ ಮಕ್ಕಳಿಗೆ ಹೇಳಿದರು. ನಿಮ್ಮ ಪಕ್ಕದ ಮನೆಯಾಕೆಯ ಅಜ್ಜಿ ಯಾವ ಮಾತು ಕೇಳಿ ಮಕ್ಕಳನ್ನು ಬೆಳೆಸಿದರೋ!

ಕೊರಿಯನ್ ಮನೆಯ ಬಗ್ಗೆ ‘ಗಂಡ ವರ್ಷಕ್ಕೆ ಎರಡು ಸಲ ಬರುತ್ತಾನೆ, ವಿಚಿತ್ರ ಸಂಸಾರ’ ಎಂದು ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಕಥೆಯ ಬೇರು ಇರುವುದೇ ಅಲ್ಲಿ. ಇಂಥ ಗಂಡಸರಿಗೆ ಅವರಲ್ಲಿ ‘ಗಿರೊಗಿ ಅಪ್ಪಾ’ ಎಂಬ ಹೆಸರಿದೆ. ಗಿರೊಗಿ ಅಂದರೆ ವಲಸೆ ಹೋಗುವ ಹೆಬ್ಬಾತು. ಅಪ್ಪಾ ಅಂದರೆ ಅಪ್ಪನೇ. ಮಕ್ಕಳ ಓದಿಗಾಗಿ ತಾಯಿ ಅವರನ್ನು ಕರೆದುಕೊಂಡು ಪರದೇಶಕ್ಕೆ ಬರುತ್ತಾಳೆ, ಅಪ್ಪ ಅಲ್ಲೇ ದುಡಿದು ಹಣ ಕಳಿಸುತ್ತಾನೆ. ಯಾವುದರಿಂದ ತಪ್ಪಿಸಿಕೊಂಡು ಬಂದಳು ಎಂದು ಕೇಳಿ. ನವೆಂಬರಿನ ಒಂದು ಗುರುವಾರ ಕೊರಿಯಾದಲ್ಲಿ ‘ಸುನುಂಗ್’ ಎಂಬ ಕಾಲೇಜು ಪ್ರವೇಶ ಪರೀಕ್ಷೆ. ಇಂಗ್ಲಿಷ್ ಆಲಿಸುವ ಭಾಗ ನಡೆಯುವಷ್ಟು ಹೊತ್ತು ದೇಶದಲ್ಲಿ ವಿಮಾನಗಳು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದೇಗು ಊರಿನ ಬಳಿ ಪಾಲ್ಗೊಂಗ್ ಬೆಟ್ಟದ ಮೇಲೆ, ತಲೆಗೆ ಟೋಪಿಯಂಥ ಚಪ್ಪಡಿ ಹೊತ್ತ ಕಲ್ಲುಬುದ್ಧನ ಮುಂದೆ ತಾಯಂದಿರು ಅಡ್ಡಬೀಳುತ್ತಾರೆ, ಕೆಲವರು ನೂರು ದಿನದ ಹರಕೆ ಹೊತ್ತು. ಸೋಲ್ ನಗರದಲ್ಲಿ ‘ಹಾಗ್ವೋನ್’ ಎಂಬ ಟ್ಯೂಷನ್ ಕೇಂದ್ರಗಳನ್ನು ರಾತ್ರಿ 10ಕ್ಕೆ ಮುಚ್ಚಿಸಲು ನಿಯಮವೇ ಬೇಕಾಯಿತು. 1980ರಲ್ಲಿ ಸೈನಿಕ ಸರ್ಕಾರ ಮನೆಪಾಠವನ್ನೇ ನಿಷೇಧಿಸಿತ್ತು. 2000ದಲ್ಲಿ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ರದ್ದು ಮಾಡಿತು. ಈ ಭಾರ ನೋಡಿಯೇ ಎಷ್ಟೋ ಹೆಂಗಸರು ಮಕ್ಕಳೇ ಬೇಡ ಎನ್ನುತ್ತಿದ್ದಾರೆ. 2023ರಲ್ಲಿ ಅಲ್ಲಿಯ ಫಲವಂತಿಕೆ ದರ 0.72ಕ್ಕೆ ಇಳಿದಿತ್ತು, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಒಂದು ಮಗುವೂ ಇಲ್ಲ.

ಭಾಷೆಯ ಬಗ್ಗೆ. ಆ ಹುಡುಗಿಯ ಬಾಯಲ್ಲಿ ‘ನನ್ನ ತಾಯಿ’ ಎಂದು ಹೇಳಿಸಿದ್ದೀರಿ. ಒಬ್ಬಳೇ ಮಗಳಾದರೂ ಅವಳು ಹೇಳುವುದು ‘ಊರಿ ಒಮ್ಮಾ’. ಇಂಗ್ಲಿಷಿನಲ್ಲಿ ಅದಕ್ಕೆ ದಾರಿಯಿಲ್ಲ, ನಮ್ಮಲ್ಲಿದೆ: ನಮ್ಮಮ್ಮ. ಹಾಗೆಯೇ ‘ಪ್ರಸವೋತ್ತರ ಆರೈಕೆ’ ಎಂದು ಬರೆದಿದ್ದೀರಿ. ಅವರ ‘ಸಾನ್ಹುಜೊರಿ’ ನಮ್ಮ ಬಾಣಂತನವೇ ಅಲ್ಲವೇ? ಬೆಚ್ಚಗಿಡುವುದು, ತಣ್ಣೀರು ಮುಟ್ಟಿಸದಿರುವುದು, ಎಲ್ಲ ಇದೆ. ಅಲ್ಲಿ ಬಾಣಂತಿಗೆ ಕಡಲಕಳೆಯ ಸಾರು ಕೊಡುತ್ತಾರೆ. ಆ ಮಗು ಮುಂದೆ ಪ್ರತಿ ಹುಟ್ಟುಹಬ್ಬಕ್ಕೂ ಅದೇ ಸಾರು ಕುಡಿಯುತ್ತದೆ. ಪರೀಕ್ಷೆಯ ದಿನ ಮಾತ್ರ ಮನೆಯಲ್ಲಿ ಅದನ್ನು ಮಾಡುವುದಿಲ್ಲ, ಕಡಲಕಳೆ ಜಾರುತ್ತದೆ, ಮಗು ಜಾರಿಬಿದ್ದೀತು ಎಂದು.

ನೀವೂ ಒಬ್ಬ ತಾಯಿ ಎಂಬುದು ಕೊನೆಯ ಪುಟದಲ್ಲಿ ತಿಳಿಯುತ್ತದೆ. ‘ನನ್ನ ಬಾಣಂತನಕ್ಕೆ ಊರಿಂದ ಅಮ್ಮ ಬಂದಿದ್ದರು’ ಎಂದು ಒಂದೇ ವಾಕ್ಯ. ನನ್ನ ತಂಗಿಯ ಬಾಣಂತನಕ್ಕೆ ನಮ್ಮಮ್ಮ ಮೊದಲ ಸಲ ವಿಮಾನ ಹತ್ತಿದಾಗ ಸೂಟ್‌ಕೇಸಿನಲ್ಲಿ ಸೀರೆಗಿಂತ ಅಂಟಿನುಂಡೆ, ಬಜೆ, ಓಮಕಾಳೇ ಹೆಚ್ಚಿತ್ತು. ನಿಮ್ಮ ತಾಯಿ ಏನು ತಂದಿದ್ದರು? ಎಡಮನೆಯಾಕೆಗೂ ಅವರಿಗೂ ಮಾತು ನಡೆಯಿತೇ, ಯಾವ ಭಾಷೆಯಲ್ಲಿ?

ಮೊದಲ ಎರಡು ಪುಟ ತೆಗೆದುಬಿಡಿ. ಪೇರ್ ಹಣ್ಣಿನಿಂದ ಶುರು ಮಾಡಿ, ಮೆಟ್ಟಿಲ ಮೇಲಿನ ತಾಯಿಗೂ ಅಷ್ಟೇ ಜಾಗ ಕೊಡಿ, ನಿಮ್ಮ ಅಮ್ಮನನ್ನು ಒಳಗೆ ಕರೆದುಕೊಳ್ಳಿ. ಸಾವಿರದಿನ್ನೂರು ಪದ ಸಾಕು. ಬರೆದು ನನ್ನ ಹೆಸರಿಗೇ ಕಳಿಸಿ, ಖಂಡಿತ ಓದುತ್ತೇನೆ. ಮತ್ತೆ, ಆ ತಟ್ಟೆ ಮರುದಿನ ಬೆಳಿಗ್ಗೆ ಖಾಲಿಯಾಗಿತ್ತೇ ಎಂದು ನೀವು ಬರೆದಿಲ್ಲ. ಪಕ್ಕದ ಮನೆಯಲ್ಲವೇ, ಕೇಳಿ ತಿಳಿದುಕೊಳ್ಳಿ.

ವಿಶ್ವಾಸದಿಂದ,
ಸಂಪಾದಕ